ಎರಡು ರೈಲ್ವೆ, ಒಂದು ಮೆಟ್ಟಿಲು: ಪರೇಲ್–ಪ್ರಭಾದೇವಿ ನಿಲ್ದಾಣಗಳ ಪ್ರಕರಣ ಅಧ್ಯಯನ

ಮುಂಬೈಯ ದಾದರ್‌ನಿಂದ ದಕ್ಷಿಣಕ್ಕೆ ಒಂದೇ ನಿಲ್ದಾಣ ಮುಂದೆ ಹೋಗಿ ಇಳಿಯಿರಿ. ವೆಸ್ಟರ್ನ್ ಲೈನಿನಲ್ಲಿ ಬಂದಿದ್ದರೆ ಪ್ರಭಾದೇವಿ, ಸೆಂಟ್ರಲ್ ಲೈನಿನಲ್ಲಿ ಬಂದಿದ್ದರೆ ಪರೇಲ್. ಎರಡೂ ನಿಲ್ದಾಣಗಳು ಅಕ್ಕಪಕ್ಕದಲ್ಲೇ ಇವೆ. ಆದರೆ ಹಳಿ ಬೇರೆ, ಆಡಳಿತ ಬೇರೆ, ಬಜೆಟ್ ಬೇರೆ. ನಡುವೆ ಜನರನ್ನು ದಾಟಿಸುತ್ತಿದ್ದುದು ಒಂದು ಪಾದಚಾರಿ ಸೇತುವೆ. 2017ರ ಸೆಪ್ಟೆಂಬರ್ 29ರ ಬೆಳಿಗ್ಗೆ ಆ ಸೇತುವೆಯ ಮೆಟ್ಟಿಲಿನ ಮೇಲೆ ಜನಸಂದಣಿಯಲ್ಲಿ ಸಿಕ್ಕಿ 23 ಜನ ಸತ್ತರು. ಆಗ ಪ್ರಭಾದೇವಿಯ ಹೆಸರು ಎಲ್ಫಿನ್‌ಸ್ಟನ್ ರೋಡ್.

ಆ ದಿನದ ಸುದ್ದಿಯನ್ನು ಬಹಳ ಜನ ಓದಿದ್ದಾರೆ. ಅದಕ್ಕೂ ಮೊದಲಿನ ಮೂವತ್ತು ವರ್ಷ ಮತ್ತು ಅದರ ನಂತರದ ಒಂದೂವರೆ ವರ್ಷದ ಬಗ್ಗೆ ಬರೆದದ್ದು ಕಡಿಮೆ. ನಿಲ್ದಾಣಗಳನ್ನು ಯೋಜಿಸುವವರು, ರೈಲು ಬಳಕೆದಾರರ ಸಂಘಗಳಲ್ಲಿ ಕೆಲಸ ಮಾಡುವವರು ಕಲಿಯಬೇಕಾದದ್ದು ಆ ಎರಡು ಅವಧಿಗಳಲ್ಲಿದೆ ಎಂಬುದು ನನ್ನ ನಂಬಿಕೆ. ಸತ್ತವರು, ಬದುಕಿ ಉಳಿದವರು, ಪತ್ರ ಬರೆದವರು, ಉತ್ತರ ಕೊಟ್ಟವರು ಯಾರ ಹೆಸರನ್ನೂ ಇಲ್ಲಿ ಹೇಳಿಲ್ಲ. ನಿರ್ಧಾರಗಳನ್ನಷ್ಟೇ ಹೇಳಿದ್ದೇನೆ.

ಹಿನ್ನೆಲೆ

ಭಾರತದ ಮೊದಲ ಪ್ರಯಾಣಿಕ ರೈಲು 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಠಾಣೆಗೆ ಹೋಯಿತು. ಅದು ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ ಕಂಪನಿಯ ಹಳಿ. ಇವತ್ತಿನ ಸೆಂಟ್ರಲ್ ಲೈನ್. ಬಾಂಬೆ ಬರೋಡಾ ಅಂಡ್ ಸೆಂಟ್ರಲ್ ಇಂಡಿಯಾ ರೈಲ್ವೆ ಎಂಬ ಇನ್ನೊಂದು ಕಂಪನಿ 1867ರಲ್ಲಿ ವಿರಾರ್‌ನಿಂದ ಬ್ಯಾಕ್ ಬೇ ತನಕ ಉಪನಗರ ರೈಲು ಓಡಿಸಲು ಶುರು ಮಾಡಿತು. ಅದು ಇವತ್ತಿನ ವೆಸ್ಟರ್ನ್ ಲೈನ್. ಪೈಪೋಟಿಯ ಎರಡು ಕಂಪನಿಗಳು ಕಿರಿದಾದ ದ್ವೀಪನಗರದ ಉದ್ದಕ್ಕೂ ಹೆಚ್ಚುಕಡಿಮೆ ಸಮಾನಾಂತರವಾಗಿ ಹಳಿ ಹಾಸಿದವು. ದಾದರ್‌ನಿಂದ ಪರೇಲ್ ತನಕ ಆ ಹಳಿಗಳು ಒಂದಕ್ಕೊಂದು ತೀರಾ ಹತ್ತಿರ. 1951ರಲ್ಲಿ ರೈಲ್ವೆ ವಲಯಗಳನ್ನು ರಚಿಸಿದಾಗ ಒಂದು ಹಳಿ ಸೆಂಟ್ರಲ್ ರೈಲ್ವೆಗೆ, ಇನ್ನೊಂದು ವೆಸ್ಟರ್ನ್ ರೈಲ್ವೆಗೆ ಸೇರಿತು. ಕಂಪನಿಗಳು ಹೋದವು, ಅವು ಎಳೆದ ಗಡಿ ಹಾಗೇ ಉಳಿಯಿತು. ಈ ಪ್ರಕರಣವನ್ನು ಅರ್ಥ ಮಾಡಿಕೊಳ್ಳಲು ಮೊದಲು ತಿಳಿಯಬೇಕಾದ ಸಂಗತಿ ಇದು.

ಪಶ್ಚಿಮದ ನಿಲ್ದಾಣಕ್ಕೆ 1853ರಿಂದ 1860ರವರೆಗೆ ಮುಂಬೈಯ ಗವರ್ನರ್ ಆಗಿದ್ದ ಲಾರ್ಡ್ ಎಲ್ಫಿನ್‌ಸ್ಟನ್ ಹೆಸರು ಬಂತು. ಎರಡೂ ಕಡೆ ನಿಲ್ಲುತ್ತಿದ್ದುದು ಎಲ್ಲ ನಿಲ್ದಾಣಗಳಲ್ಲೂ ನಿಲ್ಲುವ ಸ್ಲೋ ಲೋಕಲ್‌ಗಳು ಮಾತ್ರ. ಫಾಸ್ಟ್ ಲೋಕಲ್ ಹಿಡಿಯಬೇಕಾದವರು ದಾದರ್‌ಗೇ ಹೋಗಬೇಕು. ಹಾಗಾಗಿ ಇವೆರಡೂ ಸಣ್ಣ ನಿಲ್ದಾಣಗಳು ಎಂಬ ಲೆಕ್ಕಾಚಾರ ಬಹಳ ಕಾಲ ನಡೆಯಿತು. ಆಗ ಅದರಲ್ಲಿ ತಪ್ಪೂ ಇರಲಿಲ್ಲ.

ಪರೇಲ್, ಲಾಲ್‌ಬಾಗ್, ಲೋವರ್ ಪರೇಲ್ ಸೇರಿದ ಪ್ರದೇಶ ಗಿರಣ್‌ಗಾಂವ್, ಅಂದರೆ ಬಟ್ಟೆ ಗಿರಣಿಗಳ ಊರು. ಕಾರ್ಮಿಕರು ಗಿರಣಿಯ ಸುತ್ತಲಿನ ಚಾಳ್‌ಗಳಲ್ಲೇ ಇರುತ್ತಿದ್ದರು. ಪಾಳಿಯ ಭೋಂಗಾ, ಅಂದರೆ ಸೈರನ್, ಕೂಗಿದರೆ ನಡೆದೇ ಕೆಲಸಕ್ಕೆ ಹೋಗುತ್ತಿದ್ದರು. ಲಕ್ಷಾಂತರ ಜನ ದುಡಿಯುತ್ತಿದ್ದ ಜಾಗವಾಗಿದ್ದರೂ ಅವರಲ್ಲಿ ಬಹುಪಾಲು ಜನ ರೈಲಿನಲ್ಲಿ ಬರುವವರಲ್ಲ, ಬಂದವರೂ ಮೂರು ಪಾಳಿಗಳಲ್ಲಿ ಹಂಚಿಹೋಗುತ್ತಿದ್ದರು. ಬೆಳಿಗ್ಗೆ ಒಂಬತ್ತೂವರೆಗೆ ಎಲ್ಲರೂ ಒಟ್ಟಿಗೆ ಇಳಿಯುವ ಪರಿಸ್ಥಿತಿ ಆ ಕಾಲದಲ್ಲಿ ಇರಲಿಲ್ಲ.

1982ರ ಜನವರಿಯಲ್ಲಿ ಕಾರ್ಮಿಕ ನಾಯಕ ದತ್ತಾ ಸಾಮಂತ್ ನೇತೃತ್ವದಲ್ಲಿ ಗಿರಣಿ ಮುಷ್ಕರ ಶುರುವಾಯಿತು. ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಹೊರಗೆ ಬಂದರು. ಮುಷ್ಕರ ಮುಗಿಯಿತೆಂದು ಯಾರೂ ಅಧಿಕೃತವಾಗಿ ಹೇಳಲಿಲ್ಲ, ಗಿರಣಿಗಳು ಒಂದೊಂದಾಗಿ ಮುಚ್ಚಿದವು. 1991ರ ಅಭಿವೃದ್ಧಿ ನಿಯಂತ್ರಣ ನಿಯಮಗಳು ಗಿರಣಿ ಜಮೀನನ್ನು ಬೇರೆ ಕೆಲಸಕ್ಕೆ ಬಳಸಲು ದಾರಿ ಮಾಡಿಕೊಟ್ಟವು, 2001ರ ತಿದ್ದುಪಡಿ ಆ ದಾರಿಯನ್ನು ಇನ್ನೂ ಅಗಲಗೊಳಿಸಿತು. 2006ರಲ್ಲಿ ಸುಪ್ರೀಂ ಕೋರ್ಟ್ ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಚಿಮಣಿಗಳಿದ್ದ ಜಾಗದಲ್ಲಿ ಬ್ಯಾಂಕು, ಟೀವಿ ವಾಹಿನಿ, ಜಾಹೀರಾತು ಸಂಸ್ಥೆ, ಮಾಲ್‌ಗಳು ಎದ್ದವು.

ಹೊಸ ಉದ್ಯೋಗಿಗಳಲ್ಲಿ ಹೆಚ್ಚಿನವರಿಗೆ ಪರೇಲ್‌ನಲ್ಲಿ ಮನೆ ಮಾಡುವ ಶಕ್ತಿ ಇರಲಿಲ್ಲ. ಅವರು ಬರುತ್ತಿದ್ದುದು ವಿರಾರ್, ಬೋರಿವಲಿ, ಕಲ್ಯಾಣ್, ಡೊಂಬಿವಲಿಯಿಂದ. ಎಲ್ಲರೂ ರೈಲಿನಲ್ಲಿ, ಅದೂ ಒಂದೇ ಹೊತ್ತಿಗೆ ಬರುತ್ತಿದ್ದರು. ನಡೆದು ಬರುವ ಕಾರ್ಮಿಕರ ಊರು ಎರಡು ದಶಕಗಳಲ್ಲಿ ಇಳಿದು ಬರುವ ನೌಕರರ ಊರಾಯಿತು. ಕಟ್ಟಡಗಳಿಗೆ ಅನುಮತಿ ಕೊಡುತ್ತಿದ್ದುದು ನಗರಪಾಲಿಕೆ ಮತ್ತು ರಾಜ್ಯ ಸರ್ಕಾರ, ನಿಲ್ದಾಣಗಳನ್ನು ನಡೆಸುತ್ತಿದ್ದುದು ಕೇಂದ್ರದ ಕೈಕೆಳಗಿನ ಎರಡು ರೈಲ್ವೆಗಳು. ಒಂದು ಗೋಪುರ ಎದ್ದಾಗ ಅಲ್ಲಿಗೆ ಬರುವ ಸಾವಿರಾರು ಜನ ಯಾವ ಮೆಟ್ಟಿಲು ಇಳಿದು ಬರುತ್ತಾರೆ ಎಂದು ಕೇಳಿ ಉತ್ತರ ಪಡೆಯಬೇಕಾದ ಒಂದೇ ಮೇಜು ಎಲ್ಲೂ ಇರಲಿಲ್ಲ.

ಸಮಸ್ಯೆ

ಆ ಸೇತುವೆಯ ಮೇಲೆ ಮೂರು ಬಗೆಯ ಜನ ಒಟ್ಟಿಗೆ ನಡೆಯುತ್ತಿದ್ದರು. ಕಚೇರಿಗಳಿಗೆ ಹೋಗಲು ನಿಲ್ದಾಣದಿಂದ ಹೊರಗೆ ಬೀಳುವವರು ಮೊದಲನೆಯವರು. ಒಂದು ಲೈನಿನಿಂದ ಇನ್ನೊಂದಕ್ಕೆ ಬದಲಿಸುವವರು ಎರಡನೆಯವರು. ಬದಲಿಸಲು ದಾದರ್ ಇದೆ, ಆದರೆ ದಾದರ್‌ನ ನೂಕುನುಗ್ಗಲಿಗೆ ಹೆದರಿ ಬಹಳ ಜನ ಒಂದು ನಿಲ್ದಾಣ ಮುಂದೆ ಬಂದು ಇಲ್ಲಿ ದಾಟುತ್ತಿದ್ದರು. ರೈಲಿಗೂ ತಮಗೂ ಸಂಬಂಧವೇ ಇಲ್ಲದೆ, ಹಳಿಯ ಆ ಕಡೆಯಿಂದ ಈ ಕಡೆಗೆ ಹೋಗಲು ಸೇತುವೆ ಹತ್ತುವವರು ಮೂರನೆಯವರು. ಪೂರ್ವಕ್ಕೆ ಕೆ.ಇ.ಎಂ. ಆಸ್ಪತ್ರೆ, ವಾಡಿಯಾ ಆಸ್ಪತ್ರೆ, ಟಾಟಾ ಮೆಮೋರಿಯಲ್ ಕ್ಯಾನ್ಸರ್ ಆಸ್ಪತ್ರೆಗಳಿವೆ. ಟಾಟಾಕ್ಕೆ ಕರ್ನಾಟಕದಿಂದಲೂ ರೋಗಿಗಳು ಬರುತ್ತಾರೆ. ಊರು ಗೊತ್ತಿಲ್ಲದೆ, ಕೈಯಲ್ಲಿ ವರದಿಯ ಚೀಲ ಹಿಡಿದು, ರೋಗಿಯ ತೋಳು ಹಿಡಿದು ನಿಧಾನವಾಗಿ ಮೆಟ್ಟಿಲು ಇಳಿಯುವ ಕುಟುಂಬಗಳು ಇದೇ ಜನರ ನಡುವೆ ಇರುತ್ತಿದ್ದವು.

ಇಲ್ಲಿ ಒಂದು ಲೆಕ್ಕ ನೋಡಬೇಕು. ಬ್ರಿಟನ್ನಿನಲ್ಲಿ ಕ್ರೀಡಾಂಗಣಗಳ ಸುರಕ್ಷತೆಗೆ ಬಳಸುವ ಮಾರ್ಗಸೂಚಿ ಮೆಟ್ಟಿಲಿನ ಪ್ರತಿ ಮೀಟರ್ ಅಗಲಕ್ಕೆ ನಿಮಿಷಕ್ಕೆ 66 ಜನರಿಗಿಂತ ಹೆಚ್ಚು ಸಾಗುವುದಿಲ್ಲ ಎಂದು ಹಿಡಿಯುತ್ತದೆ. ಸಮತಟ್ಟಾದ ದಾರಿಗೆ ಅದು 82. ಅಂದರೆ ಸೇತುವೆಯ ಹಾಸು ಎಷ್ಟೇ ಅಗಲವಿರಲಿ, ಕಡೆಯಲ್ಲಿ ಮೂರು ಮೀಟರ್ ಮೆಟ್ಟಿಲಿದ್ದರೆ ನಿಮಿಷಕ್ಕೆ ಇನ್ನೂರು ಜನರಷ್ಟೇ ಇಳಿಯಬಹುದು. ಒಂದು 12 ಬೋಗಿಯ ಲೋಕಲ್ ಅರ್ಧ ನಿಮಿಷ ನಿಂತು ನೂರಾರು ಜನರನ್ನು ಇಳಿಸುತ್ತದೆ. ಎರಡು ಲೈನಿನ ಎರಡೆರಡು ದಿಕ್ಕಿನ ರೈಲುಗಳು ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಬಂದರೆ, ಹಿಂದಿನ ಗುಂಪು ಇಳಿದು ಮುಗಿಯುವ ಮೊದಲೇ ಮುಂದಿನದು ಬಂದು ಸೇರುತ್ತದೆ. ಕಿರಿದಾಗಿದ್ದದ್ದು ಮೆಟ್ಟಿಲು. ಇಳಿಯುವವರಿಗೂ ಹತ್ತುವವರಿಗೂ ಅದೇ ಮೆಟ್ಟಿಲು.

ಪ್ರಯತ್ನಗಳು

ಅಪಾಯ ಯಾರಿಗೂ ಗೊತ್ತಿರಲಿಲ್ಲ ಎನ್ನುವ ಹಾಗಿಲ್ಲ. ದಿನವೂ ಅಲ್ಲಿ ದಾಟುವವರು ವರ್ಷಗಳ ಕಾಲ ಆ ಮೆಟ್ಟಿಲಿನ ಫೋಟೋ ತೆಗೆದು ರೈಲ್ವೆಗೆ ಕಳುಹಿಸಿದ್ದರು. ಸಾಮಾಜಿಕ ಜಾಲತಾಣಗಳಲ್ಲಿ ರೈಲ್ವೆ ಮಂತ್ರಾಲಯದ ಖಾತೆಗೇ ನೇರವಾಗಿ ಬರೆದಿದ್ದರು. ಒಬ್ಬ ಸಂಸದರು ಸೇತುವೆ ಅಗಲ ಮಾಡಿಸಿ ಎಂದು ಪತ್ರ ಬರೆದಿದ್ದರು. ಬೇಡಿಕೆ ಸರಿ, ಆದರೆ ಹಣದ ಕೊರತೆ ಇದೆ ಎಂಬ ಉತ್ತರ ಬಂದಿತ್ತು. ಆಮೇಲೆ 12 ಮೀಟರ್ ಅಗಲದ ಹೊಸ ಸೇತುವೆಗೆ ಮಂಜೂರಾತಿಯೂ ಸಿಕ್ಕಿತು. ದುರಂತದ ಹೊತ್ತಿಗೆ ಅದು ಟೆಂಡರ್ ಹಂತದಲ್ಲಿತ್ತು.

ಈ ಘಟ್ಟವನ್ನು ಸೋಮಾರಿತನ ಎಂದು ತಳ್ಳಿಹಾಕಿದರೆ ಏನೂ ಕಲಿತಂತಾಗುವುದಿಲ್ಲ. ಕಡತ ಯಾಕೆ ನಿಧಾನವಾಗಿ ಚಲಿಸಿತು ಎಂದು ಕೇಳಿದರೆ ಉತ್ತರ ಲೆಕ್ಕಪತ್ರದ ಒಂದು ಶೀರ್ಷಿಕೆಯಲ್ಲಿ ಸಿಗುತ್ತದೆ. ರೈಲ್ವೆಯಲ್ಲಿ ಪಾದಚಾರಿ ಸೇತುವೆ ಪ್ರಯಾಣಿಕರ ಸೌಕರ್ಯ ಎಂಬ ವರ್ಗಕ್ಕೆ ಸೇರಿತ್ತು. ಕಾಯುವ ಕೊಠಡಿ, ಬೆಂಚು, ಕುಡಿಯುವ ನೀರಿನ ನಲ್ಲಿ, ಚಾವಣಿ ಇವುಗಳ ಸಾಲಿನಲ್ಲೇ ಅದೂ ನಿಲ್ಲಬೇಕಿತ್ತು. ಹಳಿ, ಸಿಗ್ನಲ್, ರೈಲು ಸೇತುವೆ ಇವೆಲ್ಲ ಸುರಕ್ಷತೆಯ ವರ್ಗ. ಒಂದು ಸಿಗ್ನಲ್ ಕೆಟ್ಟರೆ ರೈಲು ನಿಲ್ಲುತ್ತದೆ, ಹಾಗಾಗಿ ಹಣ ಕೂಡಲೇ ಹುಟ್ಟುತ್ತದೆ. ಮೆಟ್ಟಿಲು ಕಿಕ್ಕಿರಿದರೆ ರೈಲು ನಿಲ್ಲುವುದಿಲ್ಲ. ಆ ಮೆಟ್ಟಿಲಿನ ಮೇಲೆ ಬೆಳಿಗ್ಗೆ ಹತ್ತು ಗಂಟೆಗೆ ನಿಂತಿದ್ದ ಯಾರಿಗೂ ಅದು ಸೌಕರ್ಯವಾಗಿ ಕಾಣುತ್ತಿರಲಿಲ್ಲ. ಆದರೆ ಕಡತಕ್ಕೆ ಮೆಟ್ಟಿಲು ಕಾಣುವುದಿಲ್ಲ, ಶೀರ್ಷಿಕೆ ಕಾಣುತ್ತದೆ.

ಇನ್ನೊಂದು ಅಡ್ಡಿ ಎರಡು ರೈಲ್ವೆಗಳದ್ದು. ಹಳಿಯ ಮೇಲೆ ಏನೇ ಕಟ್ಟಬೇಕಾದರೂ ರೈಲು ನಿಲ್ಲಿಸಿ ಟ್ರಾಫಿಕ್ ಬ್ಲಾಕ್, ಮೇಲಿನ ತಂತಿಯ 25,000 ವೋಲ್ಟ್ ವಿದ್ಯುತ್ ಕಡಿದು ಪವರ್ ಬ್ಲಾಕ್ ತೆಗೆದುಕೊಳ್ಳಬೇಕು. ಸೆಂಟ್ರಲ್ ಲೈನಿನವರ ಭಾನುವಾರದ ಮೆಗಾ ಬ್ಲಾಕ್, ವೆಸ್ಟರ್ನ್‌ನವರ ಜಂಬೋ ಬ್ಲಾಕ್ ಮುಂಬೈಯ ಮನೆಮನೆಗೂ ಗೊತ್ತಿರುವ ಮಾತು. ಎರಡು ವಲಯಗಳ ನಡುವಿನ ಸೇತುವೆ ಎಂದರೆ ಎರಡು ಕಡೆಯ ನಕ್ಷೆ, ಎರಡು ಕಡೆಯ ಒಪ್ಪಿಗೆ, ಎರಡು ಕಡೆಯ ಬ್ಲಾಕ್. ಎರಡಕ್ಕೂ ಸೇರಿದ ಕೆಲಸ ಯಾರ ಪಟ್ಟಿಯಲ್ಲೂ ಮೊದಲನೆಯದಾಗುವುದು ಕಷ್ಟ.

ಆ ಶುಕ್ರವಾರ

2017ರ ಸೆಪ್ಟೆಂಬರ್ 29 ಮಹಾನವಮಿ, ನಮ್ಮ ಆಯುಧಪೂಜೆಯ ದಿನ. ಮರುದಿನ ದಸರಾ. ಬೆಳಿಗ್ಗೆ ಹತ್ತೂವರೆಯ ಸುಮಾರಿಗೆ ಇದ್ದಕ್ಕಿದ್ದಂತೆ ಜೋರು ಮಳೆ ಬಂತು. ಕೊಡೆ ಇಲ್ಲದವರು ಸೇತುವೆಯ ಚಾವಣಿಯ ಕೆಳಗೇ ನಿಂತರು. ರಸ್ತೆಯಲ್ಲಿದ್ದ ಕೆಲವರು ಮಳೆಯಿಂದ ತಪ್ಪಿಸಿಕೊಳ್ಳಲು ಮೆಟ್ಟಿಲ ಬಳಿ ಸೇರಿದರು. ರೈಲುಗಳು ಒಂದರ ಹಿಂದೆ ಒಂದು ಬಂದು ಜನರನ್ನು ಇಳಿಸುತ್ತಲೇ ಇದ್ದವು. ಹೊರಹೋಗುವ ಬಾಯಿ ಮುಚ್ಚಿತ್ತು, ಒಳಬರುವ ಬಾಯಿ ತೆರೆದೇ ಇತ್ತು.

ಒಂದು ಚದರ ಮೀಟರಿನಲ್ಲಿ ಆರೇಳು ಜನ ಸೇರಿದ ಮೇಲೆ ಗುಂಪಿನೊಳಗಿನ ವ್ಯಕ್ತಿ ತನ್ನ ಕಾಲಿನ ಮೇಲೆ ತಾನು ನಿಲ್ಲಲಾರ, ಗುಂಪು ವಾಲಿದತ್ತ ಅವನೂ ವಾಲುತ್ತಾನೆ. ಇಂಥ ಕಡೆ ಜನ ಸಾಯುವುದು ಹೆಚ್ಚಾಗಿ ಎದೆ ಒತ್ತಿಹೋಗಿ, ಉಸಿರಾಡಲಾಗದೆ. ಅದಕ್ಕೆ ಯಾರೂ ಓಡಬೇಕಿಲ್ಲ, ಯಾರೂ ತುಳಿಯಬೇಕಿಲ್ಲ. ಮೇಲಿದ್ದವರಿಗೆ ಕೆಳಗೆ ಏನಾಗಿದೆ ಎಂದು ಕಾಣದಿದ್ದರೆ ಸಾಕು. ಒದ್ದೆಯಾದ ಮೆಟ್ಟಿಲಿನ ಮೇಲೆ ಕೆಲವರು ಬಿದ್ದರು, ಮೇಲಿಂದ ಒತ್ತಡ ನಿಲ್ಲಲಿಲ್ಲ.

ಅದೇ ದಿನ ಮುಂಬೈ ಉಪನಗರ ಜಾಲಕ್ಕೆ ಹೊಸದಾಗಿ ನೂರು ಲೋಕಲ್ ಸೇವೆಗಳನ್ನು ಸೇರಿಸುವ ಕಾರ್ಯಕ್ರಮ ನಿಗದಿಯಾಗಿತ್ತು. ರೈಲು ಹೆಚ್ಚಿಸುವುದು ಒಳ್ಳೆಯ ಕೆಲಸವೇ. ಆದರೆ ಪ್ರತಿ ಹೊಸ ರೈಲು ನಿಲ್ದಾಣಕ್ಕೆ ಹೊಸ ಜನರನ್ನು ತಂದಿಳಿಸುತ್ತದೆ. ಓಡಾಟ ಹೆಚ್ಚಿಸುವ ಯೋಜನೆಯೂ ಮೆಟ್ಟಿಲು ಅಗಲಿಸುವ ಯೋಜನೆಯೂ ಬೇರೆ ಬೇರೆ ಕೋಣೆಗಳಲ್ಲಿ, ಬೇರೆ ಬೇರೆ ವೇಗದಲ್ಲಿ ನಡೆಯುತ್ತಿದ್ದವು ಎಂಬುದಕ್ಕೆ ಇದಕ್ಕಿಂತ ನೋವಿನ ಸಾಕ್ಷಿ ನನಗೆ ತೋರುವುದಿಲ್ಲ.

ರೈಲ್ವೆಯ ಆಂತರಿಕ ತನಿಖೆ ಹಠಾತ್ ಮಳೆ ಮತ್ತು ಜನಸಂದಣಿಯನ್ನು ಕಾರಣವಾಗಿ ತೋರಿಸಿತು. ಅದು ಆ ಕೆಲವು ನಿಮಿಷಗಳ ಕಾರಣ, ನಿಜ. ಆದರೆ ಮುಂಬೈಯಲ್ಲಿ ಸೆಪ್ಟೆಂಬರ್ ಮಳೆ ಅನಿರೀಕ್ಷಿತವಲ್ಲ, ಹತ್ತೂವರೆಯ ಜನಸಂದಣಿಯೂ ಅಲ್ಲ. ಪ್ರತಿದಿನವೂ ಬರುವ ಒಂದು ಸಂಗತಿ ಮತ್ತು ಪ್ರತಿವರ್ಷವೂ ಬರುವ ಇನ್ನೊಂದು ಸಂಗತಿ ಜೊತೆಯಾದಾಗ ಸಾವು ಬರುವ ಹಾಗಿದ್ದರೆ ಆ ರಚನೆಯನ್ನೇ ಪ್ರಶ್ನಿಸಬೇಕು.

ಮೂರು ನಿರ್ಧಾರಗಳು

ಮೊದಲ ನಿರ್ಧಾರ ಮರುದಿನವೇ ಬಂತು, ನನ್ನ ಮಟ್ಟಿಗೆ ಅದೇ ಎಲ್ಲಕ್ಕಿಂತ ದೊಡ್ಡದು. ಪಾದಚಾರಿ ಸೇತುವೆಯನ್ನು ಸೌಕರ್ಯ ಎಂದು ಎಣಿಸುವ ಹಳೆಯ ಪದ್ಧತಿ ಬಿಟ್ಟು ಅದನ್ನು ನಿಲ್ದಾಣದ ಕಡ್ಡಾಯ ಅಗತ್ಯ ಎಂದು ಪರಿಗಣಿಸುವುದಾಗಿ ರೈಲ್ವೆ ಮಂತ್ರಾಲಯ ಘೋಷಿಸಿತು. ಸುರಕ್ಷತೆಯ ಕೆಲಸಗಳಿಗೆ ಖರ್ಚು ಮಾಡುವ ಅಧಿಕಾರವನ್ನು ವಲಯದ ಜನರಲ್ ಮ್ಯಾನೇಜರ್‌ಗಳ ಕೈಗೆ ಹೆಚ್ಚಾಗಿ ಕೊಟ್ಟಿತು. ಉಪನಗರ ನಿಲ್ದಾಣಗಳ ಸೇತುವೆಗಳ ತಪಾಸಣೆ ನಡೆಯಿತು. ಇದರಲ್ಲಿ ಕಾಂಕ್ರೀಟೂ ಇಲ್ಲ, ಉಕ್ಕೂ ಇಲ್ಲ. ಇಂದು ಹೊಸ ಸೇತುವೆ ಬೇಕೆಂದು ಅರ್ಜಿ ಹಾಕುವ ಯಾವ ಊರಿನ ಪ್ರಯಾಣಿಕರ ಸಂಘವಾದರೂ ಈ ವರ್ಗೀಕರಣವನ್ನು ಅರ್ಜಿಯ ಮೊದಲ ಸಾಲಿನಲ್ಲೇ ನೆನಪಿಸಬೇಕು. ಅನುಕೂಲ ಮಾಡಿಕೊಡಿ ಎಂದು ಬೇಡುವುದಕ್ಕೂ ಸುರಕ್ಷತೆಯ ಕೊರತೆ ಇದೆ ಎಂದು ದಾಖಲಿಸುವುದಕ್ಕೂ ಕಡತದ ದಾರಿಯೇ ಬೇರೆಯಾಗುತ್ತದೆ.

ಎರಡನೆಯದು ಎಲ್ಲರ ಕಣ್ಣಿಗೂ ಬಿದ್ದ ನಿರ್ಧಾರ. ಅಕ್ಟೋಬರ್ 31ರಂದು, ಎಲ್ಫಿನ್‌ಸ್ಟನ್ ರೋಡ್, ಕರಿ ರೋಡ್ ಮತ್ತು ಅಂಬಿವಲಿ ನಿಲ್ದಾಣಗಳಲ್ಲಿ ಸೇನೆಯೇ ಪಾದಚಾರಿ ಸೇತುವೆ ಕಟ್ಟಲಿದೆ ಎಂದು ಪ್ರಕಟಿಸಲಾಯಿತು. ಕೆಲಸ ಸೇನೆಯ ಎಂಜಿನಿಯರ್ ದಳವಾದ ಬಾಂಬೆ ಸ್ಯಾಪರ್ಸ್ ಪಡೆಗೆ ಬಂತು. ಅವರು ಆಯ್ದುಕೊಂಡದ್ದು ಬೈಲಿ ಸೇತುವೆ. ಎರಡನೇ ಮಹಾಯುದ್ಧದ ಕಾಲದಲ್ಲಿ ರೂಪುಗೊಂಡ, ಮೊದಲೇ ಸಿದ್ಧವಾದ ಉಕ್ಕಿನ ಚೌಕಟ್ಟುಗಳನ್ನು ಜೋಡಿಸಿ ನಿಲ್ಲಿಸುವ ಮಾದರಿ ಅದು. 2010ರಲ್ಲಿ ದೆಹಲಿಯ ಕಾಮನ್‌ವೆಲ್ತ್ ಕ್ರೀಡಾಕೂಟಕ್ಕೆ ಮೊದಲು ಕ್ರೀಡಾಂಗಣದ ಬಳಿ ಪಾದಚಾರಿ ಸೇತುವೆ ಕುಸಿದಾಗಲೂ ಸೇನೆ ಇದನ್ನೇ ಬಳಸಿತ್ತು. ಜನವರಿ ಕೊನೆಗೆ ಮುಗಿಸುವ ಗುರಿ ಇತ್ತು, ಸೇತುವೆಗಳು ತೆರೆದದ್ದು 2018ರ ಫೆಬ್ರವರಿ 27ರಂದು. ಎಲ್ಫಿನ್‌ಸ್ಟನ್ ರೋಡಿನ ಸೇತುವೆಯ ಉದ್ದ ಸುಮಾರು 73 ಮೀಟರ್, ಅಗಲ 3.65 ಮೀಟರ್.

ಊರೊಳಗಿನ ಕೆಲಸಕ್ಕೆ ಸೇನೆಯನ್ನು ಕರೆಯಬೇಕೆ ಎಂಬ ಚರ್ಚೆ ಆಗ ಜೋರಾಗಿ ನಡೆಯಿತು. ಆ ಆಕ್ಷೇಪದಲ್ಲಿ ಹುರುಳಿದೆ. ಆದರೆ ಕಲಿಯುವ ದೃಷ್ಟಿಯಿಂದ ನನಗೆ ಮುಖ್ಯವಾಗಿ ಕಾಣುವ ಪ್ರಶ್ನೆ ಬೇರೆ. ವರ್ಷಗಟ್ಟಲೆ ಆಗದ ಕೆಲಸ ನಾಲ್ಕು ತಿಂಗಳಲ್ಲಿ ಹೇಗೆ ಆಯಿತು? ಸೇನೆಯ ಕೌಶಲ ಒಂದು ಪಾಲು, ಸಂಶಯವಿಲ್ಲ. ದೊಡ್ಡ ಪಾಲು ಬೇರೆಯದು: ಸಿದ್ಧ ಮಾದರಿಯನ್ನು ಒಪ್ಪಿಕೊಂಡದ್ದರಿಂದ ವಿನ್ಯಾಸದ ಓಡಾಟ ತಪ್ಪಿತು, ಟೆಂಡರಿನ ದಾರಿ ತಪ್ಪಿತು, ಎರಡೂ ರೈಲ್ವೆಗಳು ಬೇಕಾದಾಗ ಬ್ಲಾಕ್ ಕೊಟ್ಟವು. ಈ ಮೂರರಲ್ಲಿ ಯಾವುದೂ ಸಮವಸ್ತ್ರ ಇದ್ದರೆ ಮಾತ್ರ ಆಗುವ ಕೆಲಸವಲ್ಲ.

ಸೇತುವೆಯ ಮಿತಿಯನ್ನೂ ಹೇಳಬೇಕು. ಮೇಲಿನ ಲೆಕ್ಕವನ್ನೇ ಹಿಡಿದರೆ 3.65 ಮೀಟರ್ ಅಗಲದ ಮೆಟ್ಟಿಲಿನಲ್ಲಿ ನಿಮಿಷಕ್ಕೆ ಸುಮಾರು 240 ಜನ ಇಳಿಯಬಹುದು. ಮೊದಲೇ ಮಂಜೂರಾಗಿದ್ದ 12 ಮೀಟರಿಗೆ ಹೋಲಿಸಿದರೆ ಇದು ಮೂರನೇ ಒಂದು ಭಾಗಕ್ಕೂ ಕಡಿಮೆ. ಆದರೂ ಅದರಿಂದ ದೊಡ್ಡ ಲಾಭವಾಯಿತು, ಯಾಕೆಂದರೆ ಅದು ಎರಡನೆಯ ದಾರಿ. ಒಂದು ಮೆಟ್ಟಿಲು ಕಿಕ್ಕಿರಿದು ನಿಂತರೆ ಜನ ತಿರುಗಿ ಹೋಗಲು ಇನ್ನೊಂದು ಇದೆ. ಒಂದೇ ಅಗಲವಾದ ದಾರಿಗಿಂತ ದೂರ ದೂರದಲ್ಲಿರುವ ಎರಡು ದಾರಿಗಳು ಎಷ್ಟೋ ಸಲ ಹೆಚ್ಚು ಸುರಕ್ಷಿತ.

ಮೂರನೆಯ ನಿರ್ಧಾರದ ಬಗ್ಗೆ ಮಾತು ಕಡಿಮೆ, ಪರಿಣಾಮ ಹೆಚ್ಚು. ಪರೇಲನ್ನು ಟರ್ಮಿನಸ್ ಮಾಡುವ ಯೋಜನೆ ದುರಂತಕ್ಕೆ ಮೊದಲೇ ಇತ್ತು. 2019ರ ಮಾರ್ಚ್ 3ರಂದು ಪರೇಲ್‌ನಿಂದಲೇ ಹೊರಡುವ ಮತ್ತು ಅಲ್ಲಿಗೇ ಮುಗಿಯುವ ಲೋಕಲ್‌ಗಳು ಶುರುವಾದವು: ಹೋಗುವ 16, ಬರುವ 16, ಒಟ್ಟು 32 ಸೇವೆಗಳು. ಅದರ ಜೊತೆಗೇ ಪ್ಲಾಟ್‌ಫಾರ್ಮ್, ಪಾದಚಾರಿ ಸೇತುವೆ, ಎಸ್ಕಲೇಟರ್‌ಗಳೂ ಬಂದವು. ಸಂಜೆ ಕಲ್ಯಾಣದ ಕಡೆಗೆ ಹೋಗುವವರಿಗೆ ಖಾಲಿ ರೈಲು ಎದುರಿಗೇ ಬಂದು ನಿಲ್ಲುವುದು ಎಂಥ ಬದಲಾವಣೆ ಎಂಬುದು ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್‌ನಿಂದಲೇ ತುಂಬಿ ಬರುವ ರೈಲಿನ ಬಾಗಿಲಿಗೆ ನೇತಾಡಿದವರಿಗೆ ಗೊತ್ತು. ಸಣ್ಣ ನಿಲ್ದಾಣ ಎಂಬ ಹಳೆಯ ಎಣಿಕೆ ಕಾಗದದ ಮೇಲೂ ಕೊನೆಗೊಂಡದ್ದು ಅಂದು.

ನಡುವೆ, 2018ರ ಜುಲೈಯಲ್ಲಿ, ಎಲ್ಫಿನ್‌ಸ್ಟನ್ ರೋಡ್ ಪ್ರಭಾದೇವಿ ಆಯಿತು. ಸ್ಥಳೀಯ ದೇವಿಯ ಹೆಸರು. ಆ ಬೇಡಿಕೆಯೂ ದುರಂತಕ್ಕಿಂತ ಹಳೆಯದೇ.

ಬೇರೆ ಊರುಗಳಿಗೆ

ಈ ಪ್ರಕರಣವನ್ನು ಬೆಂಗಳೂರಿನವರು ಗಮನವಿಟ್ಟು ಓದಬೇಕು ಎಂದು ನನಗೆ ಬಲವಾಗಿ ಅನಿಸುತ್ತದೆ. 2020ರಲ್ಲಿ ಕೇಂದ್ರ ಸಂಪುಟ ಒಪ್ಪಿದ ಬೆಂಗಳೂರು ಉಪನಗರ ರೈಲು ಯೋಜನೆ ನಾಲ್ಕು ಕಾರಿಡಾರ್‌ಗಳದ್ದು, ಒಟ್ಟು ಸುಮಾರು 148 ಕಿಲೋಮೀಟರ್. ಅದನ್ನು ಕಟ್ಟುವುದು ರಾಜ್ಯ ಸರ್ಕಾರ ಮತ್ತು ರೈಲ್ವೆಯ ಜಂಟಿ ಕಂಪನಿ ಕೆ-ರೈಡ್, ಮೆಟ್ರೊ ನಡೆಸುವುದು ಇನ್ನೊಂದು ನಿಗಮ, ದೂರದೂರಿನ ರೈಲು ನೈಋತ್ಯ ರೈಲ್ವೆಯದು, ಹೊರಗಿನ ರಸ್ತೆ ಪಾಲಿಕೆಯದು. ಯಶವಂತಪುರ, ಬೈಯಪ್ಪನಹಳ್ಳಿಯಂಥ ಕಡೆ ಇವೆಲ್ಲ ಒಂದೆಡೆ ಸೇರುತ್ತವೆ. ಬೈಯಪ್ಪನಹಳ್ಳಿಯ ವಿಶ್ವೇಶ್ವರಯ್ಯ ಟರ್ಮಿನಲ್‌ನಿಂದ 2022ರ ಜೂನ್‌ನಲ್ಲಿ ರೈಲುಗಳು ಹೊರಡತೊಡಗಿದಾಗ, ಮೆಟ್ರೊ ನಿಲ್ದಾಣದಿಂದ ಅಲ್ಲಿಗೆ ಲಗೇಜು ಹಿಡಿದು ಹೇಗೆ ಹೋಗುವುದು ಎಂಬುದೇ ಪ್ರಯಾಣಿಕರ ಮೊದಲ ದೂರಾಗಿತ್ತು. ಎರಡು ಸಂಸ್ಥೆಗಳ ನಡುವಿನ ಆ ಕೆಲವು ನೂರು ಮೀಟರ್‌ಗಳ ಹೊಣೆ ಯಾರದು, ಹಣ ಯಾವ ಶೀರ್ಷಿಕೆಯದು, ಹತ್ತು ವರ್ಷದ ನಂತರ ಸುತ್ತಲಿನ ಜಮೀನಿನಲ್ಲಿ ಏನು ಏಳಲಿದೆ ಎಂಬುದನ್ನು ನಿಲ್ದಾಣದ ನಕ್ಷೆಗೆ ಸಹಿ ಬೀಳುವ ಮೊದಲೇ ಬರೆದಿಡಬೇಕು. ಪರೇಲ್‌ನಲ್ಲಿ ಅದನ್ನು ಬರೆದಿಡುವ ಅವಕಾಶ 1991ರಲ್ಲಿತ್ತು, 2001ರಲ್ಲಿತ್ತು.

ಪ್ರಯಾಣಿಕರ ಸಂಘಗಳಿಗೂ ಒಂದು ಮಾತು. ಫೋಟೋ ಕಳುಹಿಸುವುದು ಬೇಕು, ಅದರ ಜೊತೆಗೆ ಎಣಿಕೆಯೂ ಬೇಕು. ಯಾವ ಮೆಟ್ಟಿಲು, ಎಷ್ಟು ಅಗಲ, ಯಾವ ಹದಿನೈದು ನಿಮಿಷದಲ್ಲಿ ಎಷ್ಟು ಜನ, ಮಳೆ ಬಂದರೆ ಎಲ್ಲಿ ನಿಲ್ಲುತ್ತಾರೆ ಎಂಬುದನ್ನು ಅಳತೆಪಟ್ಟಿ ಮತ್ತು ಗಡಿಯಾರ ಹಿಡಿದು ನಾಲ್ಕು ಜನ ಒಂದು ಬೆಳಿಗ್ಗೆ ದಾಖಲಿಸಬಹುದು. ಕಿಕ್ಕಿರಿದಿದೆ ಎಂಬ ದೂರಿಗೆ ಹಣವಿಲ್ಲ ಎಂಬ ಉತ್ತರ ಸುಲಭ. ಮೆಟ್ಟಿಲಿನ ಶಕ್ತಿಗಿಂತ ಇಷ್ಟು ಜನ ಹೆಚ್ಚು ಎಂಬ ಲಿಖಿತ ದಾಖಲೆಗೆ ಹಾಗೆ ಉತ್ತರಿಸುವ ಅಧಿಕಾರಿ ತನ್ನ ಸಹಿಯನ್ನು ಎರಡು ಸಲ ನೋಡುತ್ತಾನೆ.

ಪ್ರಕರಣ ಇನ್ನೂ ಮುಗಿದಿಲ್ಲ. ನಿಲ್ದಾಣಗಳ ಪಕ್ಕದಲ್ಲೇ ಹಳಿಗಳನ್ನು ದಾಟುತ್ತಿದ್ದ, 1913ರ ಹೊತ್ತಿನ ಎಲ್ಫಿನ್‌ಸ್ಟನ್ ರಸ್ತೆ ಸೇತುವೆಯನ್ನು 2025ರ ಸೆಪ್ಟೆಂಬರ್‌ನಲ್ಲಿ ಮುಚ್ಚಿದರು. ಶಿವಡಿ–ವರ್ಲಿ ಸಂಪರ್ಕ ರಸ್ತೆಗಾಗಿ ಅಲ್ಲಿ ಎರಡು ಅಂತಸ್ತಿನ ಹೊಸ ಸೇತುವೆ ಬರಲಿದೆ. ವಾಹನಗಳಿಗೆ ದಾದರ್‌ನ ತಿಲಕ್ ಸೇತುವೆ, ಕರಿ ರೋಡ್, ಲೋವರ್ ಪರೇಲ್ ಸೇತುವೆಗಳನ್ನು ಬದಲಿ ದಾರಿಯಾಗಿ ತೋರಿಸಲಾಯಿತು. ನಡೆಯುವವರಿಗೆ ಅವೆಲ್ಲ ದೂರ. ಆ ಹಳೆಯ ಸೇತುವೆಯ ಪಕ್ಕದ ಕಾಲುದಾರಿಯಲ್ಲಿ ಕೆ.ಇ.ಎಂ.ಗೂ ಟಾಟಾಕ್ಕೂ ಹೋಗುತ್ತಿದ್ದವರಿಗೆ ಹತ್ತಿರದಲ್ಲಿ ಉಳಿದಿರುವುದು ರೈಲ್ವೆಯ ಪಾದಚಾರಿ ಸೇತುವೆಗಳೇ. ಕಚೇರಿ ಹೊತ್ತಿನಲ್ಲಿ ಈಗ ಅವುಗಳ ಮೆಟ್ಟಿಲ ಮೇಲೆ ಎಷ್ಟು ಜನ ಹೆಚ್ಚಾಗಿದ್ದಾರೆ ಎಂಬ ಎಣಿಕೆ ಎರಡೂ ರೈಲ್ವೆಗಳ ಮತ್ತು ಪಾಲಿಕೆಯ ಮೇಜಿನ ಮೇಲೆ ಮುಂದಿನ ಮಳೆಗಾಲಕ್ಕೆ ಮೊದಲೇ ಇರಬೇಕು.